ಮನೆಯಲ್ಲಿ ಒಳ್ಳೆಯ ಕಾಫಿ: ಫಿಲ್ಟರೋ, ಮೋಕಾ ಪಾಟೋ, ಮೆಷಿನ್ನೋ?

ಇಂಡಕ್ಷನ್ ಮನೆ:
ಎಲ್ಲರಿಗೂ ನಮಸ್ಕಾರ. ಇಷ್ಟು ವರ್ಷ ಇನ್‌ಸ್ಟಂಟ್ ಪುಡಿಯಲ್ಲೇ ಕಾಲ ಹಾಕಿದ್ದೇವೆ, ಇನ್ನು ಸಾಕು ಅನ್ನಿಸಿದೆ. ಮನೆಯಲ್ಲಿ ನಾವು ಇಬ್ಬರೇ. ನನಗೆ ಬೆಳಿಗ್ಗೆ ಎದ್ದ ಕೂಡಲೇ ಹಾಲು ಹಾಕಿದ ಸ್ಟ್ರಾಂಗ್ ಕಾಫಿ ಬೇಕು. ನಮ್ಮ ಯಜಮಾನರಿಗೆ ಹಾಲು ಆಗಿಬರುವುದಿಲ್ಲ, ಮಧ್ಯಾಹ್ನ ಒಂದು ಕಪ್ ಬ್ಲ್ಯಾಕ್ ಕಾಫಿ ಅಷ್ಟೇ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಗ್ಯಾಸ್ ಇಲ್ಲ, ಇಂಡಕ್ಷನ್ ಒಲೆ ಮಾತ್ರ. ಒಟ್ಟು ಐದು ಸಾವಿರದ ಒಳಗೆ ಮುಗಿಯಬೇಕು. ನೋಡಿದಷ್ಟೂ ತಲೆ ಕೆಡುತ್ತಿದೆ. ಸ್ಟೀಲ್ ಫಿಲ್ಟರ್, ಹಿತ್ತಾಳೆ ಫಿಲ್ಟರ್, ಮೋಕಾ ಪಾಟ್, ಫ್ರೆಂಚ್ ಪ್ರೆಸ್, ಏರೋಪ್ರೆಸ್, ಎಸ್ಪ್ರೆಸೊ ಮೆಷಿನ್, ಒಂದಾ ಎರಡಾ. ಬಳಸಿ ಗೊತ್ತಿರುವವರು ಹೇಳಿ. ‘ಎಲ್ಲವೂ ಚೆನ್ನಾಗಿವೆ, ನಿಮ್ಮ ಇಷ್ಟ’ ಅಂತ ಮಾತ್ರ ಹೇಳಬೇಡಿ ದಯವಿಟ್ಟು.

ಡಬರಾ ಲೋಟ:
ನಿಮಗೆ ಸ್ಟೀಲ್ ಫಿಲ್ಟರ್. ಮುಗಿಯಿತು. ಹಾಲಿನ ಕಾಫಿ ಕುಡಿಯುವವರಿಗೆ ಅದಕ್ಕಿಂತ ಸರಿಯಾದ ಸಾಮಾನು ಇನ್ನೂ ಯಾರೂ ಮಾಡಿಲ್ಲ. ಇಬ್ಬರಿಗೆ ಸಾಕಾಗುವ ಸಣ್ಣದು ತೆಗೆದುಕೊಳ್ಳಿ. ‘ನೆಂಟರು ಬಂದರೆ ಬೇಕಾಗುತ್ತದೆ’ ಅಂತ ದೊಡ್ಡದು ತರಬೇಡಿ, ದೊಡ್ಡ ಫಿಲ್ಟರಿನಲ್ಲಿ ಸ್ವಲ್ಪ ಪುಡಿ ಹಾಕಿದರೆ ಪುಡಿಯ ಪದರ ತೆಳ್ಳಗಾಗಿ ನೀರು ಸರ್ರನೆ ಇಳಿದುಹೋಗುತ್ತದೆ, ಡಿಕಾಕ್ಷನ್ ಅಲ್ಲ, ಬರೀ ಬಣ್ಣದ ನೀರು ಬರುತ್ತದೆ. ಇದನ್ನು ಅಂಗಡಿಯವರು ಹೇಳುವುದಿಲ್ಲ.

ಫಿಲ್ಟರಿಗೆ ಒಲೆಯೇ ಬೇಡ, ಕುದಿಯುವ ನೀರು ಇದ್ದರೆ ಆಯಿತು. ಒಂದು ಕೆಟಲ್ ಇಟ್ಟುಕೊಳ್ಳಿ. ಹಾಲು ಕಾಯಿಸುವುದಕ್ಕೆ ಇಂಡಕ್ಷನ್ ಇದ್ದೇ ಇದೆ.

ಎಸ್ಪ್ರೆಸೊ ಬಾಬು:
ಬಂದರು ನೋಡಿ ಡಬರಾ ಅವರು, ಎರಡು ಸಾಲಿನಲ್ಲಿ ತೀರ್ಪು! ಪ್ರಶ್ನೆ ಕೇಳಿದವರ ಮನೆಯಲ್ಲಿ ಬ್ಲ್ಯಾಕ್ ಕುಡಿಯುವವರೂ ಒಬ್ಬರು ಇದ್ದಾರೆ. ಚಿಕೋರಿ (ಹುರಿದ ಬೇರಿನ ಪುಡಿ) ಹಾಕಿದ ಡಿಕಾಕ್ಷನ್ನಿಗೆ ನೀರು ಬೆರೆಸಿ ಕೊಟ್ಟರೆ ಅವರು ಕಾಫಿಯನ್ನೇ ಬಿಡುತ್ತಾರೆ. ನನ್ನ ವೋಟು ಮೋಕಾ ಪಾಟಿಗೆ. ಒಲೆಯ ಮೇಲಿಟ್ಟರೆ ಕೆಳಗಿನ ನೀರು ಹಬೆಯ ಒತ್ತಡಕ್ಕೆ ಪುಡಿಯ ಮೂಲಕ ಮೇಲಕ್ಕೆ ಏರಿ ಕಾಫಿಯಾಗುವ ಪಾತ್ರೆ ಅದು. ಹಾಲು ಹಾಕಿದರೂ ತಡೆಯುತ್ತದೆ, ಬಿಸಿನೀರು ಬೆರೆಸಿದರೆ ಬ್ಲ್ಯಾಕ್ ಕೂಡ ಆಗುತ್ತದೆ. ಒಂದೇ ಸಾಮಾನಿನಲ್ಲಿ ಇಬ್ಬರ ಕೆಲಸ. 1933ರಲ್ಲಿ ಇಟಲಿಯಲ್ಲಿ ಹುಟ್ಟಿದ್ದು, ಆಮೇಲೆ ಅಲ್ಲಿ ಮನೆಮನೆಗೂ ಬಂತು. ಒಂದು ಮಾತು: ಇಂಡಕ್ಷನ್ ಅಂದಿರಿ, ಹಾಗಾಗಿ ಅಲ್ಯೂಮಿನಿಯಂ ಪಾಟ್ ತರಬೇಡಿ, ಅದು ಬಿಸಿಯೇ ಆಗುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟುವ ಸ್ಟೀಲಿನದ್ದು ತೆಗೆದುಕೊಳ್ಳಿ. ಸ್ವಲ್ಪ ಬೆಲೆ ಜಾಸ್ತಿ.

ಚಿಕೋರಿ ವಿರೋಧಿ:
ಯಾವ ಸಾಮಾನಾದರೂ ತನ್ನಿ, ಮೊದಲು ಪುಡಿ ಸರಿ ಮಾಡಿಕೊಳ್ಳಿ. ಸೂಪರ್ ಮಾರ್ಕೆಟ್ಟಿನಲ್ಲಿ ಕಣ್ಣಿಗೆ ಬಿದ್ದ ಪ್ಯಾಕೆಟ್ಟನ್ನು ಬುಟ್ಟಿಗೆ ಹಾಕುವ ಮುಂಚೆ ತಿರುಗಿಸಿ ಹಿಂದೆ ಓದಿ. ಕಾಫಿ ಎಷ್ಟು, ಚಿಕೋರಿ ಎಷ್ಟು ಅಂತ ಅಚ್ಚು ಹಾಕಲೇಬೇಕು, ಕಾನೂನು ಇದೆ. ಮಿಶ್ರಣದಲ್ಲಿ ಕಾಫಿ 51 ಪರ್ಸೆಂಟಿಗಿಂತ ಕಡಿಮೆ ಇರಬಾರದು ಅನ್ನುವುದೂ ಅದೇ ಕಾನೂನು. ಅಂದರೆ 49ರವರೆಗೆ ಬೇರಿನ ಪುಡಿ ತುಂಬಿ ‘ಕಾಫಿ ಮಿಶ್ರಣ’ ಅಂತ ಮಾರಬಹುದು. ಆ 53-47 ಪ್ಯಾಕೆಟ್ ತಂದು, ಫಿಲ್ಟರ್ ಸರಿಯಿಲ್ಲ ಅಂತ ದೂರು ಹೇಳಿ ಏನು ಪ್ರಯೋಜನ?

ಡಬರಾ ಲೋಟ:
@ಚಿಕೋರಿ ವಿರೋಧಿ, ನಿಮ್ಮ ಹೆಸರಿನಲ್ಲೇ ಜಗಳ ಇದೆಯಲ್ಲ ಮಾರಾಯರೇ. 53-47 ಮಿಶ್ರಣ ನನಗೂ ಬೇಡ. ಆದರೆ ಚಿಕೋರಿ ಪೂರ್ತಿ ಮೋಸ ಅನ್ನುವುದೂ ಸರಿಯಲ್ಲ. ನಮ್ಮ ಫಿಲ್ಟರ್ ಕೆಲಸ ಮಾಡುವ ರೀತಿಯಲ್ಲೇ ಅದಕ್ಕೊಂದು ಜಾಗ ಇದೆ. ಚಿಕೋರಿ ನೀರು ಕುಡಿದು ಉಬ್ಬುತ್ತದೆ, ಪುಡಿಯ ಪದರ ಬಿಗಿಯಾಗುತ್ತದೆ, ನೀರು ನಿಧಾನವಾಗಿ ಇಳಿಯುತ್ತದೆ. ನಿಧಾನ ಇಳಿದಷ್ಟೂ ಗಟ್ಟಿ. ಅದರ ಜೊತೆಗೆ ಚಿಕೋರಿಯ ಬಹುಭಾಗ ನೀರಿನಲ್ಲಿ ಕರಗುವಂಥದ್ದು, ಅದಕ್ಕೇ ಆ ಬಣ್ಣ, ಆ ಮಂದ, ಆ ಸ್ವಲ್ಪ ಸುಟ್ಟ ಸಕ್ಕರೆಯಂಥ ಸಿಹಿ ಕಹಿ. ಹಾಲು, ಸಕ್ಕರೆ ಎರಡೂ ಬಿದ್ದ ಮೇಲೂ ಕಾಫಿಯ ಗುಣ ನಿಲ್ಲಬೇಕಲ್ವಾ?

ನಾನು 80-20 ತರುತ್ತೇನೆ. ಪ್ಯೂರ್ ಬೇಕೇ ಬೇಕು ಅನ್ನುವವರು ಪುಡಿಯನ್ನು ಸ್ವಲ್ಪ ನುಣ್ಣಗೆ ಮಾಡಿಸಿಕೊಳ್ಳಿ, ಒಂದು ಚಮಚ ಜಾಸ್ತಿ ಹಾಕಿ. 80-20ಕ್ಕೆ ಹಾಕುವ ಅಳತೆಯಲ್ಲೇ ಪ್ಯೂರ್ ಪುಡಿ ಹಾಕಿ ‘ತೆಳ್ಳಗಾಯಿತು, ಪ್ಯೂರ್ ಕಾಫಿ ಸುಳ್ಳು’ ಅನ್ನುವವರನ್ನು ತುಂಬಾ ಜನ ನೋಡಿದ್ದೇನೆ.

ಮೂಡಿಗೆರೆ ತೋಟ:
ಇಲ್ಲಿ ಬರೀ ಪಾತ್ರೆಗಳ ಚರ್ಚೆ ನಡೆದಿದೆ, ಬೀಜದ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ. ನಾವು ಬೆಳೆಯುವವರು, ಎರಡು ಮಾತು ಹೇಳಿಬಿಡುತ್ತೇನೆ.

ಅಂಗಡಿಯಲ್ಲಿ ಬೋರ್ಡ್ ನೋಡಿದರೆ ಪ್ಲಾಂಟೇಷನ್ ಎ, ಪೀಬೆರಿ, ರೋಬಸ್ಟಾ ಅಂತ ಬರೆದಿರುತ್ತದೆ. ಅರೇಬಿಕಾ, ರೋಬಸ್ಟಾ ಅನ್ನುವುದು ಕಾಫಿಯ ಎರಡು ಜಾತಿ. ಪ್ಲಾಂಟೇಷನ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ ಅರೇಬಿಕಾ. ಎ, ಬಿ, ಸಿ ಅನ್ನುವುದು ಬೀಜದ ಗಾತ್ರ. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿದರೆ ಅದು ಚೆರಿ. ತೊಳೆದ ರೋಬಸ್ಟಾಗೆ ಪಾರ್ಚ್‌ಮೆಂಟ್ ಅಂತಾರೆ. ಇನ್ನು ಪೀಬೆರಿ. ಹಣ್ಣಿನಲ್ಲಿ ಸಾಮಾನ್ಯವಾಗಿ ಎರಡು ಬೀಜ ಚಪ್ಪಟೆ ಮುಖ ಒಂದಕ್ಕೊಂದು ತಾಗಿಸಿ ಕೂತಿರುತ್ತವೆ, ಕೆಲವು ಹಣ್ಣಿನಲ್ಲಿ ಒಂದೇ ಬೆಳೆದು ಗುಂಡಗಾಗುತ್ತದೆ, ಅದೇ ಪೀಬೆರಿ. ಗುಂಡಗಿರುವುದರಿಂದ ಹುರಿಯುವಾಗ ಚೆನ್ನಾಗಿ ಉರುಳಿ ಒಂದೇ ಸಮ ಹುರಿಯುತ್ತದೆ. ಅದು ಬೇರೆ ತಳಿ ಅಲ್ಲ, ಅದೇ ಗಿಡದ್ದು, ಅದೇ ತೋಟದ್ದು. ಪೀಬೆರಿ ಅಂದ ಕೂಡಲೇ ಕಣ್ಣು ಮುಚ್ಚಿ ಜಾಸ್ತಿ ದುಡ್ಡು ಕೊಡುವುದು ಬೇಡ ಅಂತ ನನ್ನ ಅಭಿಪ್ರಾಯ. ಹೋದ ವಾರ ಹುರಿದ ಪ್ಲಾಂಟೇಷನ್ ಬಿ, ಮೂರು ತಿಂಗಳ ಹಿಂದೆ ಹುರಿದ ಪೀಬೆರಿಗಿಂತ ಯಾವಾಗಲೂ ಮೇಲು.

ರೋಬಸ್ಟಾವನ್ನು ಕೀಳಾಗಿ ನೋಡಬೇಡಿ. ಈ ದೇಶದಲ್ಲಿ ಬೆಳೆಯುವುದರಲ್ಲಿ ಮುಕ್ಕಾಲು ಪಾಲಿನ ಹತ್ತಿರ ಅದೇ. ಅರೇಬಿಕಾಗಿಂತ ಕೆಫೀನ್ ಸುಮಾರು ಎರಡರಷ್ಟು, ಕಹಿ ಜಾಸ್ತಿ, ಮೈ ಗಟ್ಟಿ. ಅರೇಬಿಕಾಕ್ಕೆ ಸುವಾಸನೆ ಜಾಸ್ತಿ, ಸಣ್ಣ ಹುಳಿ. ಹಾಲಿನ ಕಾಫಿಗೆ 70 ಭಾಗ ಅರೇಬಿಕಾ, 30 ಭಾಗ ತೊಳೆದ ರೋಬಸ್ಟಾ ಹಾಕಿಸಿ ನೋಡಿ. ಚಿಕೋರಿ ಇಲ್ಲದೆಯೇ ಡಿಕಾಕ್ಷನ್ ನಿಲ್ಲುತ್ತದೆ. ಇಬ್ಬರ ಜಗಳವೂ ಮುಗಿಯುತ್ತದೆ.

ಚಿಕೋರಿ ವಿರೋಧಿ:
ಕೊನೆಗೂ ಒಬ್ಬರು ಸರಿಯಾಗಿ ಹೇಳಿದರು.

ಹುಬ್ಬಳ್ಳಿ ಚಹಾ:
ನಾನು ಚಹಾದವನು, ಸುಮ್ನೆ ಓದಲು ಬಂದೆ. ಒಂದು ಅನುಮಾನ. ಇನ್‌ಸ್ಟಂಟ್ ಯಾಕೆ ಅಷ್ಟು ಕೆಟ್ಟದ್ದು? ಅದೂ ಕಾಫಿಯೇ ಅಲ್ಲವೇ? ಬಿಸಿ ಹಾಲಿಗೆ ಒಂದು ಚಮಚ ಹಾಕಿದರೆ ಮುಗಿಯಿತು. ನಿಮ್ಮ ಇಷ್ಟೆಲ್ಲ ಪೂಜೆ ಮುಗಿಯುವ ಹೊತ್ತಿಗೆ ನಮ್ಮಲ್ಲಿ ಎರಡನೇ ಚಹಾ ಆಗಿರುತ್ತದೆ.

ಡಬರಾ ಲೋಟ:
ಕೆಟ್ಟದ್ದು ಅಂತಲ್ಲ. ಕಾಫಿಯನ್ನು ಮೊದಲೇ ಇಳಿಸಿ, ಆ ನೀರನ್ನು ಒಣಗಿಸಿ ಪುಡಿ ಮಾಡಿರುತ್ತಾರೆ. ಒಣಗಿಸುವಾಗ ಪರಿಮಳ ತುಂಬಾ ಹೋಗುತ್ತದೆ. ನಮ್ಮಲ್ಲಿ ಸಿಗುವ ಎಷ್ಟೋ ಇನ್‌ಸ್ಟಂಟ್ ಪುಡಿಗಳಲ್ಲೂ ಚಿಕೋರಿ ಇರುತ್ತದೆ, ಅದನ್ನೂ ಓದಿ ನೋಡಿ. ರೈಲಿನಲ್ಲಿ, ಆಫೀಸಿನಲ್ಲಿ ನಾನೂ ಕುಡಿಯುತ್ತೇನೆ. ಮನೆಯಲ್ಲಿ ಮಾತ್ರ ಬೇಡ.

ಪೂಜೆ ಅಂದಿರಿ, ಕೈಕೆಲಸ ಎರಡು ನಿಮಿಷವೂ ಇಲ್ಲ ಸ್ವಾಮಿ. ಬಾಕಿ ಸಮಯ ಫಿಲ್ಟರ್ ತಾನೇ ಕೆಲಸ ಮಾಡುತ್ತದೆ. ನೀವು ಹಲ್ಲುಜ್ಜಿ ಪೇಪರ್ ಓದಿ.

ಇಂಡಕ್ಷನ್ ಮನೆ:
ಇಷ್ಟು ಬೇಗ ಇಷ್ಟು ಉತ್ತರ, ಧನ್ಯವಾದ. @ಡಬರಾ ಲೋಟ, ಅಳತೆ ಸಮೇತ ಹೇಳುತ್ತೀರಾ? ಅತ್ತೆಯವರನ್ನು ಕೇಳಿದರೆ ‘ಕಣ್ಣಂದಾಜು’ ಅನ್ನುತ್ತಾರೆ. ನನ್ನ ಕಣ್ಣಿಗೆ ಆ ಅಂದಾಜು ಇನ್ನೂ ಬಂದಿಲ್ಲ.

ಡಬರಾ ಲೋಟ:
ಬರೆದುಕೊಳ್ಳಿ. ಇಬ್ಬರಿಗೆ ಆಗುವಷ್ಟು ಹೇಳುತ್ತೇನೆ. 20 ಗ್ರಾಂ ಪುಡಿ, ಅಂದರೆ ಊಟದ ಚಮಚದಲ್ಲಿ ತುಂಬಿ ಮೂರು ಹತ್ತಿರ ಹತ್ತಿರ. ನೀರು 150 ಎಂಎಲ್. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಹಾಗಾಗಿ ಕೆಳಗೆ ಇಳಿಯುವುದು 110ರ ಸುತ್ತಮುತ್ತ. ‘ಒಂದು ಲೋಟ ನೀರು ಹಾಕಿದೆ, ಮುಕ್ಕಾಲು ಲೋಟವೂ ಬರಲಿಲ್ಲ’ ಅಂತ ಗಾಬರಿ ಆಗಬೇಡಿ.

ಮೇಲಿನ ಡಬ್ಬಿಗೆ ಪುಡಿ ಹಾಕಿ ತಟ್ಟಿ ಸಮ ಮಾಡಿ. ಒತ್ತುವ ಬಿಲ್ಲೆಯನ್ನು ಹಗುರವಾಗಿ ಇಡಿ, ಜಜ್ಜಬೇಡಿ. ಮೊದಲು ಎರಡು ಚಮಚದಷ್ಟು ಬಿಸಿನೀರು ಸುತ್ತಲೂ ಬಿಡಿ, ಅರ್ಧ ನಿಮಿಷ ಕಾಯಿರಿ. ಹೊಸ ಪುಡಿಯಾದರೆ ಆಗ ಗುಳ್ಳೆ ಏಳುತ್ತದೆ, ಹುರಿದಾಗ ಬೀಜದಲ್ಲಿ ಹುಟ್ಟಿ ಸಿಕ್ಕಿಕೊಂಡ ಗ್ಯಾಸ್ ಹೊರಗೆ ಬರುವುದು ಅದು. ಗುಳ್ಳೆಯೇ ಇಲ್ಲ ಅಂದರೆ ಪುಡಿ ಹಳತು ಅಂತ ತಿಳಿಯಿರಿ. ಆಮೇಲೆ ಉಳಿದ ನೀರು ನಿಧಾನವಾಗಿ ಸುರಿದು ಮುಚ್ಚಿ. 15ರಿಂದ 20 ನಿಮಿಷ. ಐದೇ ನಿಮಿಷದಲ್ಲಿ ಇಳಿದರೆ ಪುಡಿ ತರಿಯಾಗಿದೆ. ಒಂದು ಗಂಟೆಯಾದರೂ ಅರ್ಧ ನೀರು ಮೇಲೆಯೇ ಇದ್ದರೆ ಪುಡಿ ತೀರಾ ನುಣುಪು, ಇಲ್ಲವೇ ತೂತು ಕಟ್ಟಿದೆ. ಇನ್ನೊಂದು ಕಾರಣ, ಕೆಳಗಿನ ಡಬ್ಬಿ ಬಿಗಿಯಾಗಿ ಕೂತು ಒಳಗಿನ ಗಾಳಿಗೆ ದಾರಿ ಇಲ್ಲದಿರುವುದು. ಮೇಲಿನ ಡಬ್ಬಿಯನ್ನು ಸ್ವಲ್ಪ ಎತ್ತಿ ಮತ್ತೆ ಕೂರಿಸಿ, ಟಪಟಪ ಶುರುವಾಗುತ್ತದೆ.

ಲೋಟಕ್ಕೆ ಡಿಕಾಕ್ಷನ್ ಒಂದು ಪಾಲು, ಹಾಲು ಎರಡರಿಂದ ಮೂರು ಪಾಲು. ಹಾಲು ಉಕ್ಕಿ ಬಂದ ಕೂಡಲೇ ಇಳಿಸಿ ಬೆರೆಸಿ. ಡಿಕಾಕ್ಷನ್ ಮಾತ್ರ ಯಾವ ಕಾರಣಕ್ಕೂ ಕುದಿಸಬಾರದು. ಆರಿದ್ದರೆ ಬಿಸಿನೀರಿನ ಪಾತ್ರೆಯಲ್ಲಿ ಬಟ್ಟಲು ಇಟ್ಟು ಬೆಚ್ಚಗೆ ಮಾಡಿಕೊಳ್ಳಿ. ಎರಡನೇ ಸಲ ನೀರು ಹಾಕಿ ಇಳಿಸುವುದು ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೆ. ನನಗೆ ಅದು ಸೇರುವುದಿಲ್ಲ, ಕಹಿ ಮಾತ್ರ ಉಳಿದಿರುತ್ತದೆ. ಬೇಡದ ನೆಂಟರಿಗೆ ಕೊಡಬಹುದು.

ಎಸ್ಪ್ರೆಸೊ ಬಾಬು:
ಕೊನೆಯ ಸಾಲು ಓದಿದ ಮೇಲೆ ನಿಮ್ಮ ಮನೆಗೆ ಬರುವ ಆಸೆ ಬಿಟ್ಟೆ.

ಸರಿ, ನೀರಿನ ಬಿಸಿ ಬಗ್ಗೆ ಯಾರೂ ಹೇಳಲಿಲ್ಲ. ‘ಕುದಿಯುವ ನೀರು ಹಾಕಬಾರದು, ಕಾಫಿ ಸುಟ್ಟುಹೋಗುತ್ತದೆ, 92ರಿಂದ 96 ಡಿಗ್ರಿ ಇರಬೇಕು’ ಅಂತ ಎಲ್ಲ ವಿಡಿಯೋದಲ್ಲೂ ಹೇಳುತ್ತಾರಲ್ಲ. ಥರ್ಮಾಮೀಟರ್ ತರಬೇಕಾ?

ನೀರು ನಲ್ಲಿ:
ಬೆಂಗಳೂರಿನಲ್ಲಿ ಬೇಕಿಲ್ಲ. ಊರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲೆ ಇದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಗೆ. ಕೆಟಲಿನಿಂದ ಫಿಲ್ಟರಿಗೆ ಬೀಳುವಷ್ಟರಲ್ಲಿ ಇನ್ನೂ ಎರಡು ಮೂರು ಡಿಗ್ರಿ ಇಳಿದಿರುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಡಿಮೆ. ಮಂಗಳೂರಿನವರು ಬೇಕಾದರೆ ಕುದಿ ನಿಂತ ಮೇಲೆ ಅರ್ಧ ನಿಮಿಷ ಬಿಟ್ಟು ಹಾಕಿಕೊಳ್ಳಲಿ. ಆ ವಿಡಿಯೋಗಳು ಸಮುದ್ರದ ಪಕ್ಕದ ಊರಿನವರದ್ದು, ನಮ್ಮ ಅಡುಗೆಮನೆಯದ್ದಲ್ಲ.

ಆದರೆ ಯಾವ ನೀರು ಅನ್ನುವುದು ಮುಖ್ಯ. ಬೋರ್‌ವೆಲ್ ನೀರು ತುಂಬಾ ಗಡಸು, ಅದರಲ್ಲಿ ಕಾಫಿಯ ಹುಳಿಯೆಲ್ಲ ಸತ್ತು ಸಪ್ಪೆಯಾಗುತ್ತದೆ, ಕೆಟಲ್ ತಳದಲ್ಲಿ ಬಿಳಿ ಪದರ ಕಟ್ಟುವುದು ಅದೇ. ಹಾಗಂತ ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಅದರಲ್ಲೂ ರುಚಿ ಪೂರ್ತಿ ಬಿಡುವುದಿಲ್ಲ. ಕಾಫಿಗೆ ಲೀಟರಿಗೆ 150 ಮಿಲಿಗ್ರಾಂ ಆಸುಪಾಸು ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) ಒಳ್ಳೆಯದು ಅಂತ ಲೆಕ್ಕ. ಕಾವೇರಿ ನೀರು ಬರುವ ಮನೆಯವರು ಕಾಯಿಸಿ ಹಾಗೇ ಹಾಕಿ. ಟ್ಯಾಂಕರ್ ನೀರಿನವರು ಆರ್‌ಒ ನೀರಿಗೆ ಸ್ವಲ್ಪ ಮಾಮೂಲು ನೀರು ಬೆರೆಸಿ ನೋಡಿ. ನಂಬಿಕೆ ಇಲ್ಲದಿದ್ದರೆ ಒಂದೇ ಪುಡಿ, ಎರಡು ನೀರು, ಎರಡು ಲೋಟ ಮಾಡಿ ಪಕ್ಕಪಕ್ಕ ಕುಡಿಯಿರಿ. ಸಕ್ಕರೆ ಹಾಕುವ ಮುಂಚೆ.

ಮ್ಯೂನಿಕ್ ಮಲ್ಲಿಗೆ:
ನೀರಿನ ವಿಷಯ ಸತ್ಯ. ಇಲ್ಲಿ ಮ್ಯೂನಿಕ್ಕಿನಲ್ಲಿ ನಲ್ಲಿ ನೀರು ಕುಡಿಯಲು ಒಳ್ಳೆಯದೇ, ಆದರೆ ಗಡಸು ಅಂದರೆ ಗಡಸು. ಊರಿನಿಂದ ತಂದ ಅದೇ ಪುಡಿ, ಅದೇ ಫಿಲ್ಟರ್, ಆದರೂ ಅಮ್ಮನ ಕಾಫಿ ಬರಲೇ ಇಲ್ಲ. ನೀರಿನ ಗಡಸುತನ ತೆಗೆಯುವ ಫಿಲ್ಟರ್ ಜಗ್ ತಂದ ಮೇಲೆ ತುಂಬಾ ಸುಧಾರಿಸಿತು. ಹಾಲು ಕೂಡ ನೋಡಿಕೊಳ್ಳಬೇಕು, ಉದ್ದ ಆಯುಸ್ಸಿನ ಪ್ಯಾಕೆಟ್ ಹಾಲಿಗೆ ಒಂದು ಬೆಂದ ವಾಸನೆ ಇರುತ್ತದೆ, ಅದು ಡಿಕಾಕ್ಷನ್ನಿನ ಮೇಲೆ ಕೂತುಬಿಡುತ್ತದೆ. ಫ್ರಿಜ್ಜಿನಲ್ಲಿ ಇಡುವ ತಾಜಾ ಹಾಲೇ ಸರಿ.

ಊರಿಂದ ಪುಡಿ ತರುವವರಿಗೆ: ಕಾಲು ಕಾಲು ಕೇಜಿ ಗಾಳಿ ತೆಗೆದು ಪ್ಯಾಕ್ ಮಾಡಿಸಿ ಫ್ರೀಜರಿನಲ್ಲಿ ಇಡಿ. ಹೊರಗೆ ತೆಗೆದ ಮೇಲೆ ಪ್ಯಾಕೆಟ್ ಪೂರ್ತಿ ಮಾಮೂಲು ಬಿಸಿಗೆ ಬರುವ ತನಕ ಕತ್ತರಿಸಬೇಡಿ, ತಣ್ಣಗಿರುವಾಗ ಬಿಚ್ಚಿದರೆ ಗಾಳಿಯ ತೇವ ಪುಡಿಯ ಮೇಲೆ ಕೂರುತ್ತದೆ. ಒಮ್ಮೆ ಬಿಚ್ಚಿದ್ದನ್ನು ಮತ್ತೆ ಫ್ರಿಜ್ಜಿಗೆ ಇಡಬೇಡಿ. ಪಕ್ಕದ ಈರುಳ್ಳಿ ವಾಸನೆಯನ್ನೂ ಎಳೆದುಕೊಳ್ಳುತ್ತದೆ.

ಮತ್ತೆ ಬ್ಲ್ಯಾಕ್ ಕಾಫಿಯ ಯಜಮಾನರಿಗೆ ಪೇಪರ್ ಫಿಲ್ಟರ್ ಯಾಕೆ ಯಾರೂ ಹೇಳುತ್ತಿಲ್ಲ? ಅದು ಈ ಜರ್ಮನಿ ದೇಶದ್ದೇ. 1908ರಲ್ಲಿ ಡ್ರೆಸ್ಡನ್ ಊರಿನ ಮೆಲಿಟ್ಟಾ ಬೆಂಟ್ಸ್ ಅನ್ನುವ ಗೃಹಿಣಿ, ಕಾಫಿಯ ಗಸಿ ಬಾಯಿಗೆ ಬರುತ್ತದೆ ಅಂತ ಬೇಸರವಾಗಿ, ಹಿತ್ತಾಳೆ ಡಬ್ಬಿಗೆ ಮೊಳೆಯಲ್ಲಿ ತೂತು ಹೊಡೆದು ಮಗನ ನೋಟ್‌ಬುಕ್ಕಿನ ಒತ್ತುಕಾಗದ ಹಾಸಿ ಶುರು ಮಾಡಿದ್ದು. ತೂತು ಹೊಡೆದ ಡಬ್ಬಿ ಅನ್ನುವಲ್ಲಿಗೆ ನಮ್ಮ ಫಿಲ್ಟರಿನ ಹತ್ತಿರದ ನೆಂಟನೇ. ಕಾಗದ ಕೂರಿಸುವ ಪ್ಲಾಸ್ಟಿಕ್ ಕೋನ್ ಕೆಲವೇ ನೂರು ರೂಪಾಯಿ. 15 ಗ್ರಾಂ ಪುಡಿ, 250 ಎಂಎಲ್ ನೀರು, ಮೂರು ನಿಮಿಷ. ತೊಳೆಯುವುದೂ ಇಲ್ಲ, ಕಾಗದ ಸಮೇತ ಗಿಡದ ಬುಡಕ್ಕೆ.

ಎಸ್ಪ್ರೆಸೊ ಬಾಬು:
ಹೌದು, ಬರೀ ಬ್ಲ್ಯಾಕಿಗೆ ಪೇಪರ್ ಮೋಕಾಗಿಂತ ಮೇಲು ಅಂತ ಒಪ್ಪುತ್ತೇನೆ. ಆದರೆ ಎರಡು ಸಾಮಾನು ಆಯಿತಲ್ಲ.

ಓಪಿಡಿ ಕ್ಯೂ:
ಪೇಪರ್ ಪರವಾಗಿ ಇನ್ನೊಂದು ಕಾರಣ. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅನ್ನುವ ವಸ್ತು ಇದೆ, ಅದು ಕೆಟ್ಟ ಕೊಲೆಸ್ಟ್ರಾಲ್ ಏರಿಸುತ್ತದೆ. ಕಾಗದ ಅದನ್ನು ಬಹುಪಾಲು ಹಿಡಿದಿಡುತ್ತದೆ. ಪುಡಿಯನ್ನೇ ಕುದಿಸುವ ಕಾಫಿ, ಪುಡಿಯನ್ನು ಬಿಸಿನೀರಿನಲ್ಲಿ ನೆನೆಸಿ ಜಾಲರಿಯಿಂದ ಕೆಳಗೆ ಒತ್ತುವ ಫ್ರೆಂಚ್ ಪ್ರೆಸ್, ಎರಡರಲ್ಲೂ ಅದು ಜಾಸ್ತಿ ಬರುತ್ತದೆ. ನಮ್ಮ ಸ್ಟೀಲ್ ಫಿಲ್ಟರಿನ ಜಾಲರಿಯೂ ಅದನ್ನು ಪೂರ್ತಿ ತಡೆಯುವುದಿಲ್ಲ. ದಿನಕ್ಕೆ ಒಂದೆರಡು ಲೋಟ ಕುಡಿಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕೊಲೆಸ್ಟ್ರಾಲಿಗೆ ಮಾತ್ರೆ ತೆಗೆದುಕೊಳ್ಳುತ್ತಾ ದಿನಕ್ಕೆ ಐದಾರು ಲೋಟ ಕುಡಿಯುವವರು ಡಾಕ್ಟರ ಹತ್ತಿರ ಈ ಮಾತು ಎತ್ತಿ.

ಫ್ರೆಂಚ್ ಪ್ರೆಸ್ ಬಗ್ಗೆ ಹೇಳಿದೆನಲ್ಲ, ಅದನ್ನು ತರಲೇಬೇಡಿ ಅಂತಲ್ಲ. ಆದರೆ ನಮ್ಮ ಅಂಗಡಿಯ ಫಿಲ್ಟರ್ ಪುಡಿ ಅದಕ್ಕೆ ಆಗುವುದಿಲ್ಲ, ಜಾಲರಿಯಲ್ಲಿ ನುಸುಳಿ ಲೋಟದ ತಳದಲ್ಲಿ ಕೆಸರಾಗುತ್ತದೆ. ತರಿತರಿಯಾಗಿ, ಬಾಂಬೆ ರವೆಯ ಹದಕ್ಕೆ ಬೀಸಿಸಬೇಕು.

ಇಂಡಕ್ಷನ್ ಮನೆ:
ಬೀಸುವ ವಿಷಯಕ್ಕೇ ಬರೋಣ. ಬೀಜ ತಂದು ಮಿಕ್ಸಿಯಲ್ಲಿ ಪುಡಿ ಮಾಡಿದರೆ ಆಗುವುದಿಲ್ಲವೇ? ಮಸಾಲೆ ಜಾರ್ ಇದೆ. ಮತ್ತೆ ಎಸ್ಪ್ರೆಸೊ ಮೆಷಿನ್ ಐದು ಸಾವಿರಕ್ಕೇ ಸಿಗುತ್ತಿದೆಯಲ್ಲ, ಅದಕ್ಕೆ ಯಾಕೆ ಯಾರೂ ಮಾತಾಡುತ್ತಿಲ್ಲ, ಬಾಬು ಅವರು ಕೂಡ?

ಎಸ್ಪ್ರೆಸೊ ಬಾಬು:
ಮೆಷಿನ್ ನನ್ನ ಹತ್ತಿರ ಇದೆ, ಅದಕ್ಕೇ ಹೇಳುತ್ತಿಲ್ಲ. ಐದು ಸಾವಿರದ ಮೆಷಿನ್ ಹೆಸರಿಗೆ ಎಸ್ಪ್ರೆಸೊ. ಅದರಲ್ಲಿ ಎಷ್ಟೋ ಮಾದರಿಗಳು ಒಳಗೆ ನೀರು ಕಾಯಿಸಿ, ಬರೀ ಹಬೆಯ ಒತ್ತಡದಲ್ಲಿ ನೀರನ್ನು ತಳ್ಳುತ್ತವೆ, ಅಂದರೆ ಪ್ಲಗ್ ಇರುವ ಮೋಕಾ ಪಾಟ್. ಎಸ್ಪ್ರೆಸೊಗೆ 9 ಬಾರ್ ಒತ್ತಡ ಬೇಕು, ಮೋಕಾದಲ್ಲಿ ಒಂದೂವರೆ ಎರಡರ ಆಸುಪಾಸು. ಪಂಪ್ ಇರುವ ನಿಜವಾದ ಮೆಷಿನ್ ತಂದರೂ, ಪುಡಿಯ ಹದ ಕೂದಲೆಳೆಯಷ್ಟು ಆಚೆ ಈಚೆ ಆದರೆ ಕಾಫಿ ಒಂದೋ ಹುಳಿ, ಇಲ್ಲವೇ ಕಹಿ. ಹಾಗಾಗಿ ಗ್ರೈಂಡರಿಗೆ ಮೆಷಿನ್ನಿನಷ್ಟೇ ದುಡ್ಡು ಇಡಬೇಕು. ಹವ್ಯಾಸ ಇದ್ದವರಿಗೆ ಸರಿ. ಬೆಳಿಗ್ಗೆ ಆರಕ್ಕೆ ಕಣ್ಣು ಬಿಡಲಾಗದವರಿಗೆ ಅಲ್ಲ.

ಮೋಕಾ ತಂದರೆ ಇಷ್ಟು ನೆನಪಿಡಿ. ಕೆಳಗೆ ಮೊದಲೇ ಕಾದ ನೀರು ಹಾಕಿ, ಪಕ್ಕದ ಸಣ್ಣ ವಾಲ್ವಿಗಿಂತ ಕೆಳಗೇ ನಿಲ್ಲಬೇಕು. ಬುಟ್ಟಿ ತುಂಬಾ ಪುಡಿ, ಒತ್ತಬೇಡಿ. ಸಣ್ಣ ಉರಿ, ಅಂದರೆ ನಿಮ್ಮಲ್ಲಿ ಕಡಿಮೆ ವಾಟ್. ಗೊರಗೊರ ಸದ್ದು ಶುರುವಾದ ಕೂಡಲೇ ತೆಗೆದುಬಿಡಿ, ಆಮೇಲೆ ಬರುವುದೆಲ್ಲ ಸುಟ್ಟ ರುಚಿ. ಅರ್ಧ ಬುಟ್ಟಿ ಪುಡಿ ಹಾಕಿ ಒಬ್ಬರಿಗೆ ಮಾಡುತ್ತೇನೆ ಅಂದರೆ ಸರಿಯಾಗಿ ಬರುವುದಿಲ್ಲ, ಆ ಗಾತ್ರಕ್ಕೆ ಅಷ್ಟೇ. ಮತ್ತೆ ಚಿಕೋರಿ ಪುಡಿ ಮೋಕಾಗೆ ಬೇಡ. ಉಬ್ಬಿ ಬುಟ್ಟಿ ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಡಬರಾ ಅವರು ಹೇಳಿದ ಅದೇ ಗುಣ, ಅಲ್ಲಿ ಉಪಕಾರಿ, ಇಲ್ಲಿ ಉಪದ್ರವ.

ಮೂಡಿಗೆರೆ ತೋಟ:
ಮಿಕ್ಸಿ ಬ್ಲೇಡ್ ಬೀಜವನ್ನು ಕತ್ತರಿಸುತ್ತದೆ, ಅರೆಯುವುದಿಲ್ಲ. ಒಂದಷ್ಟು ಹುಡಿ, ಒಂದಷ್ಟು ತರಿ, ಎರಡೂ ಒಟ್ಟಿಗೆ. ಹುಡಿಯಿಂದ ಕಹಿ ಬಿಡುತ್ತದೆ, ತರಿಯಿಂದ ಏನೂ ಬಿಡುವುದಿಲ್ಲ. ಬಿಸಿ ಬೇರೆ ಆಗುತ್ತದೆ. ಮಾಡಲೇಬೇಕು ಅಂದರೆ ಬಿಟ್ಟು ಬಿಟ್ಟು ತಿರುಗಿಸಿ, ಜರಡಿ ಹಿಡಿಯಿರಿ. ಮಸಾಲೆ ಜಾರ್ ಮಾತ್ರ ಬೇಡ, ಎಷ್ಟು ತೊಳೆದರೂ ಧನಿಯಾ ವಾಸನೆ ಹೋಗುವುದಿಲ್ಲ.

ನಿಮಗೆ ಸುಲಭದ ದಾರಿ ಇದೆ. ನೀವಿರುವುದು ಬೆಂಗಳೂರು. ಬಡಾವಣೆಗೊಂದು ಕಾಫಿ ಪುಡಿ ಅಂಗಡಿ ಇರುವ ಊರು ಅದು, ಅಲ್ಲೇ ಹುರಿದು ಅಲ್ಲೇ ಬೀಸಿ ಕೊಡುತ್ತಾರೆ. ಹೊರರಾಜ್ಯಕ್ಕೆ ಹೋದ ನಮ್ಮ ಹುಡುಗರು ಮೊದಲು ನೆನೆಸಿಕೊಳ್ಳುವುದೇ ಅದನ್ನು. ಹೋಗಿ ಎರಡು ಪೊಟ್ಟಣ ಕೇಳಿ. ಒಂದು ಫಿಲ್ಟರಿಗೆ, ಅರೇಬಿಕಾ ರೋಬಸ್ಟಾ ಮಿಶ್ರ, ಚೆನ್ನಾಗಿ ಹುರಿದದ್ದು. ಇನ್ನೊಂದು ಪೇಪರಿಗೆ, ಬರೀ ಅರೇಬಿಕಾ, ಕಡಿಮೆ ಹುರಿದದ್ದು ಇದ್ದರೆ ಅದು, ಸ್ವಲ್ಪ ತರಿಯಾಗಿ. ತಲಾ 200 ಗ್ರಾಂ ಸಾಕು. ಪುಡಿ ಆದ ಮೇಲೆ ಎರಡು ವಾರದಲ್ಲಿ ಮುಗಿಸಿಬಿಡಿ. ಒಂದು ಕೇಜಿ ತಂದರೆ ಹತ್ತು ಇಪ್ಪತ್ತು ರೂಪಾಯಿ ಉಳಿಯಬಹುದು, ಕೊನೆಯ ಅರ್ಧ ಕೇಜಿ ಹೊಟ್ಟು ಕುಡಿದಂತೆ. ಗಾಳಿಯಾಡದ ಸ್ಟೀಲ್ ಡಬ್ಬಿ, ಒಣಗಿದ ಚಮಚ, ಒಲೆಯಿಂದ ದೂರ.

ಚಿಕೋರಿ ವಿರೋಧಿ:
ತೋಟದವರೇ, ತೋಟದ ಮನೆಯಲ್ಲಿ ನೀವು ಹೇಗೆ ಮಾಡುತ್ತೀರಿ? ಹೊರಗಿನವರಿಗೆ ಒಳ್ಳೆಯದೆಲ್ಲ ಮಾರಿ, ಉಳಿದ ಒಡಕು ಬೀಜವನ್ನು ಮನೆಗೆ ಇಟ್ಟುಕೊಳ್ಳುತ್ತೀರಿ ಅಂತ ಕೇಳಿದ್ದೇನೆ.

ಮೂಡಿಗೆರೆ ತೋಟ:
ಹಿಂದಿನ ಕಾಲದಲ್ಲಿ ಹಾಗೇ ಇತ್ತು, ಸುಳ್ಳಲ್ಲ. ಕಬ್ಬಿಣದ ಬಾಣಲೆಯಲ್ಲಿ ಕಪ್ಪಗೆ ಹುರಿದು, ನೀರಿಗೆ ಬೆಲ್ಲ ಹಾಕಿ ಕುದಿಸಿ, ಪುಡಿ ಹಾಕಿ ಇಳಿಸಿ, ಬಟ್ಟೆಯಲ್ಲಿ ಸೋಸುವುದು. ಮಳೆಗಾಲದಲ್ಲಿ ನಾಲ್ಕು ದಿನ ಬಿಡದೆ ಹೊಡೆಯುವಾಗ ಇದರ ಮುಂದೆ ನಿಮ್ಮ ಯಾವ ಮೆಷಿನ್ನೂ ಇಲ್ಲ. ಕೊಡಗಿನಲ್ಲೂ ಬೆಲ್ಲದ ಕಾಫಿ ಇದೇ ರೀತಿ, ಹಾಲಿಲ್ಲದೆ. @ಇಂಡಕ್ಷನ್ ಮನೆ, ನಿಮ್ಮ ಯಜಮಾನರಿಗೆ ಒಮ್ಮೆ ಮಾಡಿಕೊಡಿ. ಹಾಲಿನ ಕಾಫಿಗೆ ಬೆಲ್ಲ ಹಾಕುವುದಾದರೆ ಎಚ್ಚರ, ಬೆಲ್ಲ ಹಾಕಿ ಹಾಲು ಕುದಿಸಿದರೆ ಒಡೆಯಬಹುದು. ಹಾಲು ಇಳಿಸಿದ ಮೇಲೆ ಲೋಟದಲ್ಲೇ ಬೆರೆಸಿ.

ಈಗ ನಮ್ಮ ಮನೆಯಲ್ಲಿ ಸ್ವಂತಕ್ಕೆ ಅಂತಲೇ ಒಂದು ಮೂಟೆ ಎಸ್.795 ತೆಗೆದಿಡುತ್ತೇವೆ. ಅದು ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದ ಹಳೆಯ ತಳಿ. ಕಾಂಡಕೊರಕ ಹುಳದ ಕಾಟ ಇದ್ದರೂ ರುಚಿಗೆ ಅದನ್ನೇ ಉಳಿಸಿಕೊಂಡವರು ಇದ್ದಾರೆ. ಬೀಜ ಕೊಳ್ಳುವಾಗ ತಳಿಯ ಹೆಸರು ಕೇಳಿ. ಅಂಗಡಿಯವರು ‘ಅರೇಬಿಕಾ, ಅಷ್ಟೇ’ ಅಂದರೆ ಅವರಿಗೇ ಗೊತ್ತಿಲ್ಲ ಅಂತ.

ಹುಬ್ಬಳ್ಳಿ ಚಹಾ:
ಬೆಲ್ಲದ ಕಾಫಿ ಮಾತ್ರ ನನಗೆ ಹಿಡಿಸಿತು. ಸಾಮಾನೂ ಬೇಡ, ಇಂಗ್ಲಿಷ್ ಹೆಸರೂ ಬೇಡ.

ನೀರು ನಲ್ಲಿ:
ಹಾಲಿನ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಟೋನ್ಡ್ ಹಾಲಿನಲ್ಲಿ ಕೊಬ್ಬು 3 ಪರ್ಸೆಂಟ್, ಸ್ಟ್ಯಾಂಡರ್ಡೈಸ್ಡ್‌ನಲ್ಲಿ 4.5, ಫುಲ್ ಕ್ರೀಮ್‌ನಲ್ಲಿ 6. ಟೋನ್ಡ್ ಹಾಲಿಗೆ ನೀರೂ ಬೆರೆಸಿ ಕಾಯಿಸಿ ‘ಹೋಟೆಲ್ ಕಾಫಿ ಥರ ಬರುತ್ತಿಲ್ಲ’ ಅಂದರೆ ಎಲ್ಲಿಂದ ಬರಬೇಕು? ದರ್ಶಿನಿಯಲ್ಲಿ ಹಾಲು ದಪ್ಪ, ಡಿಕಾಕ್ಷನ್ ದಪ್ಪ, ಸಕ್ಕರೆ ಕೇಳದೆಯೇ ಜಾಸ್ತಿ. ಗುಟ್ಟು ಇಷ್ಟೇ. ಮನೆಯಲ್ಲಿ 4.5ರ ಹಾಲು ನೀರು ಬೆರೆಸದೆ ಹಾಕಿ ಸಾಕು. 6ರದ್ದು ಹಾಕಿದರೆ ಕಾಫಿಯ ರುಚಿಯೇ ಕೆಳಗೆ ಹೋಗುತ್ತದೆ ಅಂತ ನನಗೆ ಅನ್ನಿಸುತ್ತದೆ, ಬೇರೆಯವರು ಒಪ್ಪದಿರಬಹುದು.

ಡಬರಾ ಲೋಟ:
ನಾನು ಒಪ್ಪುವುದಿಲ್ಲ. 6ರದ್ದೇ ಕಾಫಿ. ಮೇಲೆ ನೊರೆ ನಿಲ್ಲುವಂತೆ ಲೋಟದಿಂದ ಡಬರಾಕ್ಕೆ ಎರಡು ಸಲ ಎತ್ತಿ ಹುಯ್ಯಬೇಕು.

ಇಂಡಕ್ಷನ್ ಮನೆ:
ಸರಿ, ನಾನು ಹೀಗೆ ಮಾಡುತ್ತಿದ್ದೇನೆ. ಇಬ್ಬರಿಗೆ ಸಣ್ಣ ಸ್ಟೀಲ್ ಫಿಲ್ಟರ್. ಯಜಮಾನರಿಗೆ ಪ್ಲಾಸ್ಟಿಕ್ ಕೋನ್, ಒಂದು ಕಟ್ಟು ಪೇಪರ್. ಒಂದು ಕೆಟಲ್. ಅಡುಗೆಮನೆಯ ಸಣ್ಣ ತಕ್ಕಡಿ. ಪುಡಿ ಎರಡು ಪೊಟ್ಟಣ, ತೋಟದವರು ಹೇಳಿದ ಹಾಗೆ. ಲೆಕ್ಕ ಹಾಕಿದರೆ ಮೂರು ಸಾವಿರವೂ ದಾಟುವುದಿಲ್ಲ. ಉಳಿದದ್ದು ಪುಡಿಗೇ ಹೋಗಲಿ. ಮೋಕಾ ಸದ್ಯಕ್ಕೆ ಬೇಡ, ಬಾಬು ಅವರು ಕ್ಷಮಿಸಬೇಕು.

ಆದರೆ ಅತ್ತೆಯವರು ಊರಿನಿಂದ ಫೋನ್ ಮಾಡಿ, ಅಟ್ಟದ ಮೇಲೆ ಹಳೆಯ ಹಿತ್ತಾಳೆ ಫಿಲ್ಟರ್ ಇದೆ, ಹೊಸದಕ್ಕೆ ಯಾಕೆ ದುಡ್ಡು ಹಾಕುತ್ತೀಯ ಅಂತಿದ್ದಾರೆ. ಅದನ್ನು ಬಳಸಬಹುದಾ?

ಎಸ್ಪ್ರೆಸೊ ಬಾಬು:
ಕ್ಷಮಿಸಿದೆ. ಆರು ತಿಂಗಳಲ್ಲಿ ಮೋಕಾ ತಂದೇ ತರುತ್ತೀರಿ, ನೋಡುತ್ತಿರಿ.

ಅಟ್ಟದ ಪಾತ್ರೆ:
ಹಿತ್ತಾಳೆ ಫಿಲ್ಟರ್ ಇದ್ದರೆ ಬಿಡಬೇಡಿ, ಆದರೆ ಹಾಗೇ ಬಳಸಲೂ ಬೇಡಿ. ಒಳಗೆ ಕಲಾಯಿ ಇದೆಯಾ ನೋಡಿ. ಬೆಳ್ಳಿಯ ಥರ ಬಿಳಿ ಇದ್ದರೆ ಇದೆ, ಹಳದಿ ಕಾಣುತ್ತಿದ್ದರೆ ಹೋಗಿದೆ. ಕಾಫಿ ಹುಳಿ ಪದಾರ್ಥ, ಬರೀ ಹಿತ್ತಾಳೆಗೆ ತಾಗಿದರೆ ತಾಮ್ರದ ಅಂಶ ಬಿಡುತ್ತದೆ. ಹಳೆಯ ಪೇಟೆ ಬೀದಿಗಳ ಪಾತ್ರೆ ಅಂಗಡಿಯಲ್ಲಿ ಕೇಳಿದರೆ ಕಲಾಯಿ ಹಾಕುವವರು ಸಿಗುತ್ತಾರೆ. ಶುದ್ಧ ತವರದಲ್ಲೇ ಹಾಕಬೇಕು, ಸೀಸ ಬೆರೆಸಿದ್ದು ಬೇಡ ಅಂತ ಬಾಯಿಬಿಟ್ಟು ಹೇಳಿ. ಮೇಲಿನ ಡಬ್ಬಿಯ ತೂತುಗಳಲ್ಲಿ ಕಲಾಯಿ ತುಂಬಿಕೊಂಡಿದೆಯಾ ಅಂತ ಅಲ್ಲೇ ಬೆಳಕಿಗೆ ಹಿಡಿದು ನೋಡಿ, ತುಂಬಿದ್ದರೆ ಅವರೇ ಬಿಡಿಸಿಕೊಡಲಿ. ಮನೆಗೆ ತಂದ ಮೇಲೆ ಎರಡು ಮೂರು ಸಲ ಬರೀ ಬಿಸಿನೀರು ಇಳಿಸಿ ಚೆಲ್ಲಿ. ತೊಳೆಯುವಾಗ ಸ್ಟೀಲ್ ನಾರು ಹಾಕಿ ಉಜ್ಜಿದರೆ ಕಲಾಯಿ ಎದ್ದುಹೋಗುತ್ತದೆ, ಮೆತ್ತನೆಯ ಸ್ಪಂಜು ಸಾಕು.

ಅಲ್ಲಿಯವರೆಗೆ ಸ್ಟೀಲಿನದ್ದರಲ್ಲೇ ಮಾಡಿ. ರುಚಿಯಲ್ಲಿ ವ್ಯತ್ಯಾಸ ಇಲ್ಲ. ಹಿತ್ತಾಳೆ ದಪ್ಪ ಇರುವುದರಿಂದ ಡಿಕಾಕ್ಷನ್ ಸ್ವಲ್ಪ ಹೆಚ್ಚು ಹೊತ್ತು ಬಿಸಿ ಇರುತ್ತದೆ, ಅಷ್ಟೇ. ಅತ್ತೆಯವರಿಗೆ ಇದನ್ನು ನಾನು ಹೇಳಿದೆ ಅಂತ ಹೇಳಬೇಡಿ.